ಮನೆ ಮೇಲೆ ಮನೆ ಕಟ್ಟುವ ಹಕ್ಕಿ

ಉಗಾಂಡದ ಎಂಟೆಬ್ಬೆಗೆ ಹಕ್ಕಿ ನೋಡಲು ಬರುವವರೆಲ್ಲ ಶೂಬಿಲ್ ಹಿಂದೆ ಬಿದ್ದಿರುತ್ತಾರೆ. ವಿಮಾನ ಇಳಿದ ಮರುದಿನ ಬೆಳಗ್ಗೆಯೇ ಮಬಾಂಬಾ ಜೌಗಿನ ಕಡೆ ಹೊರಡುತ್ತಾರೆ. ದೋಣಿ ಹತ್ತಿ, ಪಪೈರಸ್ ಜೊಂಡಿನ ನಡುವೆ ನುಸುಳಿ, ಕದಲದೆ ನಿಂತ ಆ ದೊಡ್ಡ ಬೂದು ಹಕ್ಕಿಯ ಫೋಟೋ ತೆಗೆದುಕೊಂಡು ಬರುತ್ತಾರೆ. ತಪ್ಪೇನಿಲ್ಲ, ಶೂಬಿಲ್ ನೋಡಲೇಬೇಕಾದ ಹಕ್ಕಿ. ಆದರೆ ಅವರು ಹೋಗುವ ದಾರಿಯಲ್ಲೇ, ರಸ್ತೆ ಪಕ್ಕದ ಚರಂಡಿಯಲ್ಲಿ, ಅದರ ಹತ್ತಿರದ ನೆಂಟನೊಬ್ಬ ಕೆಸರಿನಲ್ಲಿ ಕಾಲಾಡಿಸುತ್ತ ಕಪ್ಪೆ ಹುಡುಕುತ್ತಿರುತ್ತಾನೆ. ಅವನಿಗಾಗಿ ಗಾಡಿ ನಿಲ್ಲಿಸಿದವರನ್ನು ನಾನಂತೂ ಕಂಡಿಲ್ಲ.

ಈ ಹಕ್ಕಿಯ ಹೆಸರು ಹ್ಯಾಮರ್‌ಕಾಪ್. ಅಂದರೆ ಸುತ್ತಿಗೆ ತಲೆ. ಒಮ್ಮೆ ನೋಡಿದರೆ ಸಾಕು, ಹೆಸರು ಮರೆಯುವುದಿಲ್ಲ. ಮುಂದಕ್ಕೆ ಉದ್ದನೆಯ ಕಪ್ಪು ಕೊಕ್ಕು, ಹಿಂದಕ್ಕೆ ಚಾಚಿಕೊಂಡ ದಪ್ಪ ಜುಟ್ಟು. ಎರಡೂ ಸೇರಿ ತಲೆಯೇ ಎಲ್ಲ ಅನಿಸುತ್ತದೆ, ಮೈ ಲೆಕ್ಕಕ್ಕೇ ಬರುವುದಿಲ್ಲ. ಮೈಗೆ ಬಣ್ಣವೂ ಇಲ್ಲ. ಅಡಿಯಿಂದ ಮುಡಿಯವರೆಗೆ ಒಂದೇ ಕಂದು. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಬೆನ್ನಿನ ಮೇಲೆ ನೇರಳೆ ಛಾಯೆ ಹೊಳೆದು ಮಾಯವಾಗುತ್ತದೆ. ಬಾಲದ ಮೇಲೆ ಕಪ್ಪುಗಂದು ಪಟ್ಟೆಗಳಿವೆ, ಹಾರುವಾಗ ಬಾಲ ಬಿಚ್ಚಿದರೆ ಕಾಣುತ್ತವೆ. ಗಂಡು ಹೆಣ್ಣು ಎರಡೂ ಒಂದೇ ಥರ.

ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 56 ಸೆಂಟಿಮೀಟರ್. ತೂಕ ಅರ್ಧ ಕಿಲೋ ಮುಟ್ಟುವುದೇ ಕಷ್ಟ. ಬೆಳ್ಳಕ್ಕಿಗಳ ಹಾಗೆ ಉದ್ದ ಕಾಲಿಲ್ಲ, ಉದ್ದ ಕುತ್ತಿಗೆಯೂ ಇಲ್ಲ. ಹಾಗಾಗಿ ಆಳದ ನೀರಿಗೆ ಇಳಿಯುವ ಮಾತೇ ಇಲ್ಲ. ರೆಕ್ಕೆ ಮಾತ್ರ ಮೈಗೆ ಹೋಲಿಸಿದರೆ ಜಾಸ್ತಿಯೇ ದೊಡ್ಡದು. ಬಿಚ್ಚಿದರೆ 90 ಸೆಂಟಿಮೀಟರ್ ಆಗುತ್ತದೆ. ಅದಕ್ಕೇ ಇಷ್ಟು ಸಣ್ಣ ಹಕ್ಕಿ ಗಾಳಿಯಲ್ಲಿ ಆರಾಮಾಗಿ ತೇಲುತ್ತದೆ. ತೇಲುವಾಗ ಕೊಕ್ಕರೆ ಥರ ಕುತ್ತಿಗೆ ಚಾಚುತ್ತದೆ, ರೆಕ್ಕೆ ಬಡಿಯುವಾಗ ಒಳಗೆ ಎಳೆದುಕೊಳ್ಳುತ್ತದೆ. ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಕೊಕ್ಕು ಗಮನಿಸಿ. ಎರಡೂ ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ. ತುದಿ ಚೂರು ಕೆಳಕ್ಕೆ ಬಾಗಿದೆ. ಕಾಲ್ಬೆರಳುಗಳ ಬುಡದಲ್ಲಿ ಅರ್ಧಂಬರ್ಧ ಜಾಲಪಾದ. ನಡುವಿನ ಬೆರಳಿನ ಉಗುರಿಗೆ ಬಾಚಣಿಗೆಯ ಹಲ್ಲುಗಳಿವೆ, ಬಕಗಳಿಗೆ ಇರುವ ಹಾಗೆಯೇ.

ಈ ಅರ್ಧಂಬರ್ಧ ಲಕ್ಷಣಗಳೇ ಹಕ್ಕಿ ತಜ್ಞರಿಗೆ ಬಹಳ ಕಾಲ ತಲೆನೋವು ತಂದವು. ಫ್ರಾನ್ಸಿನ ಬ್ರಿಸ್ಸೋನ್ 1760ರಲ್ಲಿ ಇದಕ್ಕೆ ಸ್ಕೋಪಸ್ ಅಂತ ಕುಲದ ಹೆಸರು ಕೊಟ್ಟ. 1789ರಲ್ಲಿ ಜರ್ಮನಿಯ ಗ್ಮೆಲಿನ್ ಪೂರ್ತಿ ಹೆಸರಿಟ್ಟ, ಸ್ಕೋಪಸ್ ಅಂಬ್ರೆಟಾ. ಹೆಸರು ಸಿಕ್ಕಿತು, ಆದರೆ ಯಾವ ಮನೆತನ? ಕೊಕ್ಕರೆಗಳ ಜೊತೆ ಸೇರಿಸಿದರು. ಇಲ್ಲ, ಬಕಗಳ ಕಡೆಯದು ಅಂದರು. ರಾಜಹಂಸದ (ಫ್ಲೆಮಿಂಗೊ) ಹೆಸರೂ ಬಂತು. ಕೊನೆಗೆ ಡಿಎನ್‌ಎ ನೋಡಿದಾಗ ಹತ್ತಿರದ ಸಂಬಂಧಿಗಳು ಇಬ್ಬರೇ ಅಂತ ಗೊತ್ತಾಯಿತು. ಒಂದು ಶೂಬಿಲ್. ಇನ್ನೊಂದು ಹೆಜ್ಜಾರ್ಲೆ!

ನಾನು ಮದ್ದೂರಿನ ಕಡೆಯವನು. ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ತುಂಬ ಹೆಜ್ಜಾರ್ಲೆ ನೋಡಿಕೊಂಡು ಬೆಳೆದವನು. ಅಲ್ಲಿ ಗೂಡು ಅಂದರೆ ಒಂದಿಷ್ಟು ಕಡ್ಡಿ ಅಡ್ಡಡ್ಡ ಹಾಕಿದ ತಟ್ಟೆ, ಅಷ್ಟೇ. ಜೋರು ಗಾಳಿ ಬೀಸಿದರೆ ಮರಿ ಕೆಳಗೆ ಬೀಳುತ್ತದೆ. ಊರಿನವರು ಎತ್ತಿ ಸಾಕುತ್ತಾರೆ. ಅದೇ ಬಳಗದ ಒಂದು ಹಕ್ಕಿ ಆಫ್ರಿಕಾದಲ್ಲಿ ಕೋಟೆಯಂಥ ಮನೆ ಕಟ್ಟುತ್ತದೆ ಅಂದರೆ ನಂಬುವುದು ಸ್ವಲ್ಪ ಕಷ್ಟ.

ಅಂದ ಹಾಗೆ ಸ್ಕೋಪಿಡೇ ಅನ್ನುವ ಕುಟುಂಬದಲ್ಲಿ ಈಗ ಬದುಕಿರುವುದು ಇದೊಂದೇ ಜಾತಿ. ದಕ್ಷಿಣ ಆಫ್ರಿಕಾದ ಲಾಂಗೆಬಾನ್‌ವೆಗ್ ಎಂಬಲ್ಲಿ ಇನ್ನೊಂದು ಜಾತಿಯ ಪಳೆಯುಳಿಕೆ ಸಿಕ್ಕಿದೆ, ಸುಮಾರು 50 ಲಕ್ಷ ವರ್ಷ ಹಳೆಯದು. ಈಗಿನದು ಸಹಾರಾದ ಕೆಳಗಿನ ಆಫ್ರಿಕಾದ ಉದ್ದಗಲಕ್ಕೂ ಇದೆ. ಮಡಗಾಸ್ಕರ್‌ನಲ್ಲಿದೆ. ಕೆಂಪು ಸಮುದ್ರ ದಾಟಿ ಅರೇಬಿಯಾದ ನೈಋತ್ಯ ಮೂಲೆಯಲ್ಲೂ ಇದೆ. ಅಲ್ಲಿಂದ ಈಚೆಗೆ, ನಮ್ಮ ಕಡೆಗೆ, ಬಂದಿಲ್ಲ.

ನಾನು ಕೆಲಸ ಮಾಡುವುದು ವಿಕ್ಟೋರಿಯಾ ಸರೋವರದ ದಂಡೆಯ ಒಂದು ಗುಲಾಬಿ ತೋಟದಲ್ಲಿ. ಬೆಂಗಳೂರು, ಹೊಸೂರು ಸುತ್ತ ಪಾಲಿಹೌಸ್ ಕೆಲಸ ಕಲಿತವರು ಕೀನ್ಯಾ, ಇಥಿಯೋಪಿಯಾ, ಉಗಾಂಡಕ್ಕೆ ಬರುವುದು ಹೊಸದೇನಲ್ಲ. ಇಲ್ಲಿ ಕೊಯ್ದ ಹೂವು ವಿಮಾನ ಹತ್ತಿ ನೆದರ್‌ಲ್ಯಾಂಡ್ಸ್ ಹರಾಜಿಗೆ ಹೋಗುತ್ತದೆ. ಸರೋವರ ಅಂತ ಬಾಯಿಮಾತಿಗೆ ಅನ್ನುತ್ತೇವೆ. 68,800 ಚದರ ಕಿಲೋಮೀಟರ್ ಅದು, ಕರ್ನಾಟಕದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಆದರೆ ಹ್ಯಾಮರ್‌ಕಾಪ್‌ಗೆ ಅಷ್ಟು ನೀರಿನಿಂದ ಆಗಬೇಕಾದ್ದೇನೂ ಇಲ್ಲ. ಅದಕ್ಕೆ ಪಾದ ಮುಳುಗುವಷ್ಟು ನೀರು ಸಾಕು. ನಮ್ಮ ತೋಟದ ನೀರಿನ ಹೊಂಡ, ಅದರಿಂದ ಹೊರಟ ಕಾಲುವೆ, ಮಳೆ ನಿಂತ ಮೇಲೆ ಟ್ರ್ಯಾಕ್ಟರ್ ಚಕ್ರದ ಗುಂಡಿಗಳು, ಇವೇ ಅದರ ಹೊಲ ಗದ್ದೆ. ಆಫ್ರಿಕಾದ ತುಂಬ ಮನುಷ್ಯ ಅಣೆಕಟ್ಟು, ಕಾಲುವೆ ಮಾಡಿದಲ್ಲೆಲ್ಲ ಈ ಹಕ್ಕಿ ಹಿಂದೆಯೇ ಬಂದಿದೆ. ಅದಕ್ಕೇ ಅಳಿವಿನ ಭಯ ಇರುವ ಹಕ್ಕಿಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ.

ಬೆಳಗ್ಗೆ ಪಂಪ್ ಶುರು ಮಾಡುವ ಹೊತ್ತಿಗೆ ಒಂದೋ ಎರಡೋ ಬಂದಿರುತ್ತವೆ. ಒಂಟಿಯಾಗಿ ಬರುತ್ತವೆ, ಇಲ್ಲ ಜೋಡಿಯಾಗಿ. ಮೇಯುವಾಗ ಗುಂಪು ಕಟ್ಟುವುದು ಕಡಿಮೆ. ಬಕದ ಹಾಗೆ ಗಂಟೆಗಟ್ಟಲೆ ಒಂದೇ ಕಡೆ ನಿಂತು ಕಾಯುವ ತಾಳ್ಮೆ ಇದಕ್ಕಿಲ್ಲ. ನಡೆಯುತ್ತಲೇ ಇರುತ್ತದೆ. ನಡೆಯುವ ರೀತಿಯೂ ಬೇರೆ. ಒಂದು ಕಾಲು ಊರಿ, ಇನ್ನೊಂದರಿಂದ ಕೆಸರನ್ನು ಮೆಲ್ಲಗೆ ಕದಡುತ್ತದೆ. ತಳದಲ್ಲಿ ಅಡಗಿದ್ದು ಏನಾದರೂ ಹೊರಳಿದರೆ ಕೊಕ್ಕು ಕೆಳಗಿಳಿಯುತ್ತದೆ. ಏನೂ ಇಲ್ಲದಿದ್ದರೆ ಕಾಲು ಬದಲಿಸುತ್ತದೆ. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ರೆಕ್ಕೆ ಬಿಚ್ಚಿ ಮುಚ್ಚುತ್ತದೆ. ಆ ನೆರಳಿಗೆ ಬೆಚ್ಚಿದ ಮೀನೋ ಕಪ್ಪೆಯೋ ಅಡಗಿದ ಜಾಗ ಬಿಟ್ಟು ಓಡುತ್ತದೆ, ಅಲ್ಲಿಗೆ ಅದರ ಕತೆ ಮುಗಿಯಿತು.

ಒಂದು ದಿನ ಕಾಲುವೆಯ ಕಟ್ಟೆ ಮೇಲೆ ಕೂತು ಸುಮ್ನೆ ನೋಡುತ್ತಿದ್ದೆ. ಹಕ್ಕಿ ನನ್ನಿಂದ ನಾಲ್ಕು ಮಾರು ದೂರ ಇತ್ತು. ಕೆಸರು ಕದಡಿ ಒಂದು ಕಪ್ಪೆ ಹಿಡಿಯಿತು, ಹಿಂಗಾಲು ಮಾತ್ರ ಕೊಕ್ಕಿಗೆ ಸಿಕ್ಕಿತ್ತು. ಕಪ್ಪೆ ಒದ್ದಾಡಿತು. ಹಕ್ಕಿ ತಲೆ ಅಲ್ಲಾಡಿಸಿ ಅದನ್ನು ನೀರಿಗೆ ಬಡಿಯಿತು. ಒಂದು ಕ್ಷಣ ಬಿಟ್ಟು ಸೊಂಟಕ್ಕೆ ಹಿಡಿಯಿತು. ಮತ್ತೆ ಬಡಿಯಿತು. ಹೀಗೆ ಹಿಡಿತ ಬದಲಿಸುತ್ತ ಬದಲಿಸುತ್ತ ಕಪ್ಪೆಯ ತಲೆ ತನ್ನ ಗಂಟಲ ಕಡೆ ಬರುವ ಹಾಗೆ ತಿರುಗಿಸಿಕೊಂಡಿತು. ಆಮೇಲೆ ಕತ್ತು ಮೇಲೆತ್ತಿ ಇಡಿಯಾಗಿ ನುಂಗಿತು. ಕುತ್ತಿಗೆಯಲ್ಲಿ ಉಬ್ಬು ಇಳಿಯುವುದು ಕಾಣುತ್ತಿತ್ತು. ನುಂಗಿದ ಮೇಲೆ ಕೊಕ್ಕನ್ನು ಎರಡು ಸಲ ನೀರಿನಲ್ಲಿ ಆಡಿಸಿ, ಏನೂ ಆಗೇ ಇಲ್ಲವೆಂಬಂತೆ ಮುಂದಿನ ಕಾಲು ಕೆಸರಿಗೆ ಇಟ್ಟಿತು.

ಮೀನು, ಸಿಗಡಿ, ಹುಳ, ಏಡಿ ಎಲ್ಲವನ್ನೂ ತಿನ್ನುತ್ತದೆ. ಸಣ್ಣ ಇಲಿ ಸಿಕ್ಕರೂ ಬಿಡುವುದಿಲ್ಲ. ಆದರೆ ಪೂರ್ವ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಮುಖ್ಯ ಊಟ ಕಪ್ಪೆ ಮತ್ತು ಗೊದಮೊಟ್ಟೆ. ಅದರಲ್ಲೂ ಕ್ಸೆನೋಪಸ್ ಅನ್ನುವ ಕಪ್ಪೆ. ಈ ಕಪ್ಪೆಯದೂ ಒಂದು ದೊಡ್ಡ ಕತೆ. ನಾಲಿಗೆ ಇಲ್ಲ, ಹಿಂಗಾಲಿನಲ್ಲಿ ಕಪ್ಪು ಉಗುರುಗಳಿವೆ, ನೀರು ಬಿಟ್ಟು ಹೊರಗೆ ಬರುವುದೇ ಅಪರೂಪ. 1930ರ ದಶಕದಿಂದ ಸುಮಾರು ಮೂವತ್ತು ವರ್ಷ ಜಗತ್ತಿನ ಆಸ್ಪತ್ರೆಗಳು ಗರ್ಭ ಪರೀಕ್ಷೆಗೆ ಈ ಕಪ್ಪೆಯನ್ನು ಬಳಸಿದವು. ಹೆಂಗಸಿನ ಮೂತ್ರವನ್ನು ಹೆಣ್ಣು ಕಪ್ಪೆಗೆ ಚುಚ್ಚುವುದು. ಆಕೆ ಗರ್ಭಿಣಿಯಾಗಿದ್ದರೆ ಕಪ್ಪೆ ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು. ಇದೇ ಕಪ್ಪೆಯ ಮೇಲೆ ತದ್ರೂಪಿ ಪ್ರಯೋಗ ಮಾಡಿದ ಜಾನ್ ಗರ್ಡನ್‌ಗೆ 2012ರಲ್ಲಿ ನೊಬೆಲ್ ಬಂತು. ಹ್ಯಾಮರ್‌ಕಾಪ್‌ಗೆ ಮಾತ್ರ ಇದು ಬೆಳಗಿನ ತಿಂಡಿ.

ಗೊದಮೊಟ್ಟೆ ಹಿಡಿಯುವ ಉಪಾಯ ಇನ್ನೂ ಚೆನ್ನ. ಕ್ಸೆನೋಪಸ್‌ನ ಗೊದಮೊಟ್ಟೆಗಳು ನೀರಿನಲ್ಲಿ ಗುಂಪಾಗಿ ತೇಲುತ್ತವೆ. ಗಾಳಿ ಬೀಸುವ ಹೊತ್ತು ನೋಡಿಕೊಂಡು ಹಕ್ಕಿ ಗಾಳಿಗೆ ಎದುರಾಗಿ ಹಾರುತ್ತದೆ. ಆಗ ಅಷ್ಟು ದೊಡ್ಡ ರೆಕ್ಕೆಯ ಮೇಲೆ ಮುಂದೆ ಹೋಗದೆ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಬಹುದು. ಕಾಲು ಜೋಲು ಬಿಟ್ಟು, ನೀರಿಗೆ ತಾಗುವಷ್ಟು ಇಳಿದು, ಕೊಕ್ಕಿನಿಂದ ಒಂದೊಂದೇ ಗೊದಮೊಟ್ಟೆ ಹೆಕ್ಕಿ ಅಲ್ಲಿಯೇ ನುಂಗುತ್ತದೆ. ಕೊಕ್ಕರೆಗಳ ಅಧ್ಯಯನದಲ್ಲಿ ಹೆಸರು ಮಾಡಿದ ಫಿಲಿಪ್ ಕಾಲ್ ಉಗಾಂಡದಲ್ಲಿ ಈ ಹಕ್ಕಿಯ ನಡವಳಿಕೆ ನೋಡಿ 1967ರಲ್ಲಿ ಒಂದು ಲೇಖನ ಬರೆದರು. ಇವತ್ತಿಗೂ ಹ್ಯಾಮರ್‌ಕಾಪ್ ಬಗ್ಗೆ ಮಾತು ಬಂದರೆ ಅಲ್ಲಿಂದಲೇ ಶುರು ಮಾಡಬೇಕು.

ಕಝಿಂಗಾ ಕಾಲುವೆಗೆ ಹೋದರೆ ನೀರಾನೆಯ ಬೆನ್ನ ಮೇಲೆ ನಿಂತ ಹ್ಯಾಮರ್‌ಕಾಪ್ ಕಾಣುತ್ತದೆ. ಜಾರ್ಜ್ ಮತ್ತು ಎಡ್ವರ್ಡ್ ಸರೋವರಗಳ ನಡುವಿನ ಕಾಲುವೆ ಅದು, ನೀರಾನೆಗಳ ಬೀಡು. ದೋಣಿಯಲ್ಲಿದ್ದವರೆಲ್ಲ ನೀರಾನೆಯ ಬಾಯಿ ಯಾವಾಗ ತೆರೆಯುತ್ತದೆ ಅಂತ ಕಾಯುತ್ತಿರುತ್ತಾರೆ. ಬೆನ್ನ ಮೇಲಿನ ಹಕ್ಕಿ ನೀರಾನೆ ಕದಡಿದ ನೀರನ್ನೇ ನೋಡುತ್ತಿರುತ್ತದೆ. ಆಳಕ್ಕೆ ಇಳಿಯಲಾಗದ ಗಿಡ್ಡ ಕಾಲಿನ ಹಕ್ಕಿಗೆ ನಡುನೀರಿನಲ್ಲೂ ನಿಲ್ಲಲು ಜಾಗ ಸಿಕ್ಕಿತು, ಅಲ್ವಾ?

ಇಷ್ಟು ಹೊತ್ತು ಹೇಳಿದ್ದು ಪೀಠಿಕೆ ಅಂದುಕೊಳ್ಳಿ. ಹ್ಯಾಮರ್‌ಕಾಪ್ ಅಂದರೆ ಅದರ ಗೂಡು.

ನಮ್ಮ ಪಂಪ್‌ಹೌಸ್ ಹಿಂದೆ ಒಂದು ಮುತುಬಾ ಮರ ಇದೆ. ನಮ್ಮ ಆಲ, ಗೋಣಿಯ ಜಾತಿಯದು. ಇದರ ತೊಗಟೆ ಬಡಿದು ಹಿಗ್ಗಿಸಿ ಇಲ್ಲಿಯ ಬಗಾಂಡ ಜನ ಬಟ್ಟೆ ಮಾಡುತ್ತಾರೆ. ಆ ಮರದ ದೊಡ್ಡ ಕವಲಿನಲ್ಲಿ ಗೂಡು. ಮೊದಲ ಸಲ ನೋಡಿದವರು ಹಕ್ಕಿ ಗೂಡು ಅಂತ ಒಪ್ಪುವುದಿಲ್ಲ. ಯಾರೋ ಮರದ ಮೇಲೆ ಸಣ್ಣ ಬಣವೆ ಒಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಅಡ್ಡಗಲ ಒಂದೂವರೆ ಮೀಟರ್, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಒಂದು ದೊಡ್ಡ ಗೂಡಿಗೆ ಎಂಟು ಸಾವಿರದಷ್ಟು ಕಡ್ಡಿ, ಹುಲ್ಲಿನ ಕಂತೆ ಹಿಡಿಯುತ್ತದೆ. ಮೇಲೆ ಒಬ್ಬ ಮನುಷ್ಯ ಹತ್ತಿ ನಿಂತರೂ ಕುಸಿಯುವುದಿಲ್ಲ. ಕಟ್ಟುವುದು ಅರ್ಧ ಕಿಲೋ ತೂಗದ ಎರಡು ಹಕ್ಕಿ. ಹಿಡಿಯುವ ಕಾಲ 10ರಿಂದ 14 ವಾರ.

ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಕವಲಿನಲ್ಲಿ ಕಡ್ಡಿಗಳ ಜಗಲಿ ಹಾಕುತ್ತವೆ. ಅದನ್ನು ಕೆಸರು ಮೆತ್ತಿ ಗಟ್ಟಿ ಮಾಡುತ್ತವೆ. ಜಗಲಿಯ ಅಂಚಿಗೆ ಸುತ್ತ ಗೋಡೆ ಎಬ್ಬಿಸುತ್ತವೆ. ಆ ಹಂತದಲ್ಲಿ ನೋಡಿದರೆ ಮೇಲೆ ಬಾಯಿ ತೆರೆದ ಬುಟ್ಟಿ. ಆಮೇಲೆ ಕಷ್ಟದ ಕೆಲಸ, ಸೂರು. ಗೋಡೆಯಿಂದ ಒಳಗೆ ಒಳಗೆ ಕಡ್ಡಿ ಚಾಚುತ್ತ ಬಂದು ಮೇಲೆ ಮುಚ್ಚುತ್ತವೆ. ಮುಚ್ಚಿದ ಮೇಲೂ ನಿಲ್ಲಿಸುವುದಿಲ್ಲ. ಜೊಂಡು, ಹುಲ್ಲು, ಕಸ, ಕಡ್ಡಿ ಹೇರುತ್ತಲೇ ಹೋಗಿ ಸೂರು ಒಂದು ಮೀಟರ್ ದಪ್ಪ ಆಗುವುದೂ ಉಂಟು. ಬಾಗಿಲು ಕೆಳಗಡೆ, ಪಕ್ಕಕ್ಕೆ. ಅದರ ಅಗಲ 13ರಿಂದ 18 ಸೆಂಟಿಮೀಟರ್. ಅಲ್ಲಿಂದ ಒಳಗೆ ಒಂದು ಸುರಂಗ, 60 ಸೆಂಟಿಮೀಟರ್‌ವರೆಗೂ ಉದ್ದ. ಸುರಂಗದ ಒಳಮೈಗೆ ಕೆಸರಿನ ಗಿಲಾವು. ಎಷ್ಟು ನಯವಾಗಿ ಬಳಿದಿರುತ್ತವೆ ಅಂದರೆ ಗಾರೆ ಕೆಲಸದವರು ನೋಡಿ ಕಲಿಯಬೇಕು. ಸುರಂಗದ ಆಚೆ ಒಂದೇ ಕೋಣೆ. ಹಳೆಯ ಪುಸ್ತಕಗಳಲ್ಲಿ ಮೂರು ಕೋಣೆ ಅಂತ ಬರೆದಿದ್ದರು. ಒಂದು ಮಲಗಲು, ಒಂದು ಊಟ ಇಡಲು, ಒಂದು ಕಾವಲಿಗೆ! ಕತೆ ಚೆನ್ನಾಗಿದೆ. ಆದರೆ ಗೂಡು ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಒಂದೇ ಕೋಣೆ.

ಮುತುಬಾ ಮರದ ಗೂಡು ಎದ್ದಾಗ ನಾನು ಊಟದ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಆದರೆ ನಡುಮಧ್ಯಾಹ್ನ ಅವು ವಿಶ್ರಾಂತಿಯಲ್ಲಿರುತ್ತವೆ, ಏನೂ ನಡೆಯುವುದಿಲ್ಲ. ಕೆಲಸ ನೋಡಬೇಕಾದರೆ ಬೆಳಗ್ಗೆಯೋ ಸಂಜೆಯೋ ಹೋಗಬೇಕು. ಒಂದು ಹಕ್ಕಿ ತನಗಿಂತ ಉದ್ದದ ಒಣ ಕಡ್ಡಿ ಹಿಡಿದು ಬಂತು. ನಡುಮಧ್ಯಕ್ಕೆ ಕಚ್ಚಿಕೊಂಡಿತ್ತು. ಕವಲಿನ ಎರಡು ಕೊಂಬೆಗೆ ಕಡ್ಡಿ ಅಡ್ಡ ಸಿಕ್ಕಿಕೊಂಡಿತು. ತಳ್ಳಿ ನೋಡಿತು, ಹೋಗಲಿಲ್ಲ. ಕಡ್ಡಿಯನ್ನು ಕೊಂಬೆಯ ಮೇಲೆ ಇಟ್ಟು, ಕಾಲಿನಿಂದ ಒತ್ತಿ ಹಿಡಿದು, ಪಕ್ಕಕ್ಕೆ ಸರಿದು ತುದಿಯನ್ನು ಕಚ್ಚಿತು. ಈಗ ಸಲೀಸಾಗಿ ಒಳಗೆ ಹೋಯಿತು. ಒಳಗಿದ್ದ ಜೊತೆಗಾರ ಹಕ್ಕಿ ಅದನ್ನು ತೆಗೆದುಕೊಂಡು ಹಾಕಿದ ಜಾಗ ಇದಕ್ಕೆ ಸರಿ ಬರಲಿಲ್ಲವೋ ಏನೋ. ಕಿತ್ತು ಇನ್ನೊಂದು ಕಡೆ ಸಿಕ್ಕಿಸಿತು. ಅದು ಮತ್ತೆ ಕಿತ್ತಿತು. ಗಂಡ ಹೆಂಡತಿ ಸೇರಿ ಮನೆ ಕಟ್ಟಿಸಿದವರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ.

ಸಾಮಾನಿನ ವಿಷಯದಲ್ಲಿ ಮಡಿ ಮೈಲಿಗೆ ಇಲ್ಲ. ನಾವು ಕತ್ತರಿಸಿ ಎಸೆದ ಗುಲಾಬಿ ಕಡ್ಡಿಗಳು ಮುಳ್ಳು ಸಮೇತ ಗೋಡೆ ಸೇರಿದವು. ಡ್ರಿಪ್ ಪೈಪಿನ ತುಂಡು, ಹೂವಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್, ಪಾಲಿಹೌಸ್ ಶೀಟಿನ ಚಿಂದಿ, ಯಾರದೋ ಕಾಲುಚೀಲ. ಸೂರು ಮುಗಿದ ಮೇಲೆ ಬಂದು ಸೇರುವ ಇಂಥ ವಸ್ತುಗಳಿಂದ ಗೂಡಿಗೆ ಬಲ ಏನೂ ಬರುವುದಿಲ್ಲ. ಅಲಂಕಾರ ಅಂತಲೇ ಅನ್ನಬೇಕು. ಬೇರೆ ಕಡೆಯ ಗೂಡುಗಳ ಮೇಲೆ ಮೂಳೆ, ಚರ್ಮದ ಚೂರು ಕೂಡ ಕಂಡಿದ್ದಾರೆ.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಇದು ಒಂದೇ ಅಲ್ಲ, ಇದೇ ಜೋಡಿ ಆಚೆ ದಂಡೆಯಲ್ಲಿ ಇನ್ನೊಂದು ಕಟ್ಟಿದೆ, ವರ್ಷಕ್ಕೆ ಮೂರರಿಂದ ಐದು ಗೂಡು ಕಟ್ಟುತ್ತವಂತೆ ಅಂದೆ.

“ಅದ್ಯಾಕ್ಲಾ ಮಗ, ಇಬ್ಬರಿಗೆ ಐದು ಮನೆ? ಬಾಡಿಗೆಗೆ ಕೊಡ್ತವಾ? ಇರೋ ಒಂದು ಮನೆ ಕಟ್ಟೋದ್ರಲ್ಲೇ ನಿಮ್ಮಪ್ಪ ಸುಸ್ತಾಗೋದ್ರು.”

ಅಮ್ಮ ತಮಾಷೆಗೆ ಕೇಳಿದ ಪ್ರಶ್ನೆಯನ್ನೇ ಹಕ್ಕಿ ತಜ್ಞರೂ ಕೇಳುತ್ತ ಬಂದಿದ್ದಾರೆ. ಮೊಟ್ಟೆ ಇಡುವ ವರ್ಷವೇ ಆಗಬೇಕೆಂದಿಲ್ಲ, ಇಡದಿದ್ದರೂ ಕಟ್ಟುತ್ತವೆ. ಕಟ್ಟಿದ ಗೂಡುಗಳಲ್ಲಿ ಬಹಳಷ್ಟಕ್ಕೆ ಕಾಲಿಡುವುದೇ ಇಲ್ಲ. ಒಂದು ವಾದ ಏನೆಂದರೆ ಇದು ಮುಂಜಾಗ್ರತೆ. ಯಾರಾದರೂ ಬಂದು ಗೂಡು ಕಿತ್ತುಕೊಂಡರೆ ಇನ್ನೊಂದು ತಯಾರಿರಲಿ ಅಂತ. ಇನ್ನೊಂದು ವಾದದ ಪ್ರಕಾರ ಕಟ್ಟುವ ಕೆಲಸವೇ ಜೋಡಿಯನ್ನು ಹಿಡಿದಿಡುತ್ತದೆ. ನನಗೆ ಎರಡನೆಯದು ಹೆಚ್ಚು ಸರಿ ಅನಿಸುತ್ತದೆ. ಬರೀ ಮುಂಜಾಗ್ರತೆ ಆಗಿದ್ದರೆ ಸೂರಿನ ಮೇಲೆ ಕಾಲುಚೀಲ ಯಾಕೆ ಬೇಕು?

ಮೊದಲನೆಯ ವಾದವೂ ಸುಳ್ಳಲ್ಲ. ಇಷ್ಟು ಗಟ್ಟಿ ಮನೆಯ ಮೇಲೆ ಎಲ್ಲರ ಕಣ್ಣು. ಆಫ್ರಿಕಾದ ಅತಿ ದೊಡ್ಡ ಗೂಬೆ ವೆರೋ ಗೂಬೆ. ಅದರ ರೆಪ್ಪೆ ನಸುಗೆಂಪು ಬಣ್ಣದ್ದು, ಕಣ್ಣು ಮುಚ್ಚಿದಾಗ ಕಾಣುತ್ತದೆ. ಅದು ಸೂರಿನ ಮೇಲೆ ಬಂದು ಕೂತು ಅಲ್ಲಿಯೇ ಸಂಸಾರ ಹೂಡುತ್ತದೆ. ಕಣಜ ಗೂಬೆ ಒಳಗೇ ನುಗ್ಗಿ ಮಾಲೀಕರನ್ನು ಓಡಿಸುತ್ತದೆ. ಗ್ರೇ ಕೆಸ್ಟ್ರೆಲ್ ಅನ್ನುವ ಸಣ್ಣ ಗಿಡುಗಕ್ಕೆ ಹ್ಯಾಮರ್‌ಕಾಪ್ ಬಿಟ್ಟ ಗೂಡು ಅಂದರೆ ಪ್ರಾಣ. ಈಜಿಪ್ಟ್ ಬಾತು ಬರುತ್ತದೆ, ಪಾರಿವಾಳ ಬರುತ್ತದೆ. ಪುನುಗಿನ ಜಾತಿಯ ಜೆನೆಟ್, ಮುಂಗುಸಿ, ಉಡ, ಹಾವು, ಜೇನು ಯಾವುದೂ ಬೇಡ ಅನ್ನುವುದಿಲ್ಲ. ಸಣ್ಣ ಹಕ್ಕಿಗಳು ಹೊರಗೋಡೆಗೇ ತಮ್ಮ ಗೂಡು ಅಂಟಿಸಿಕೊಳ್ಳುವುದೂ ಇದೆ. ಅಮ್ಮನ ಬಾಡಿಗೆ ಮಾತು ಒಂಥರಾ ನಿಜವೇ ಆಯಿತು, ಬಾಡಿಗೆ ಮಾತ್ರ ಯಾರೂ ಕೊಡುವುದಿಲ್ಲ.

ಸಾಮಾನ್ಯವಾಗಿ ಹ್ಯಾಮರ್‌ಕಾಪ್ ಸದ್ದಿಲ್ಲದ ಹಕ್ಕಿ. ಹಾರುವಾಗ ಒಂದು ತೀಕ್ಷ್ಣ ಕೂಗು, ಅಷ್ಟೇ. ಆದರೆ ಕೆಲವು ಸಂಜೆ ಹತ್ತಾರು ಹಕ್ಕಿ ಒಂದೆಡೆ ಸೇರಿದಾಗ ಬೇರೆಯೇ ನಾಟಕ. ಜುಟ್ಟು ನಿಗುರಿಸಿಕೊಂಡು, ರೆಕ್ಕೆ ಪಟಪಟಿಸುತ್ತ, ಒಂದರ ಸುತ್ತ ಒಂದು ಓಡುತ್ತವೆ. ಎಲ್ಲವೂ ಒಟ್ಟಿಗೆ ಕೂಗುತ್ತವೆ. ಒಂದು ಇನ್ನೊಂದರ ಬೆನ್ನ ಮೇಲೆ ಹತ್ತಿ ನಿಲ್ಲುತ್ತದೆ. ನೋಡಿದವರು ಕೂಡುತ್ತಿವೆ ಅಂದುಕೊಳ್ಳಬೇಕು. ಕೂಡುವುದಿಲ್ಲ. ಗಂಡು ಹೆಣ್ಣಿನ ಮೇಲೆ ಹತ್ತಬಹುದು, ಹೆಣ್ಣು ಗಂಡಿನ ಮೇಲೂ ಹತ್ತಬಹುದು. ಕೆಳಗಿನದು ಬಾಲ ಎತ್ತುತ್ತದೆ, ಮೇಲಿನದು ಬಾಲ ಒತ್ತುತ್ತದೆ, ಆಮೇಲೆ ಇಳಿದು ಮತ್ತೆ ಓಡಾಟ. ಮೊಟ್ಟೆ ಇಡುವ ಕಾಲ ಅಲ್ಲದಿದ್ದರೂ ಇದು ನಡೆಯುತ್ತದೆ. ನಮ್ಮ ಹೊಂಡದ ಕಟ್ಟೆ ಮೇಲೆ ನಡೆದಾಗ ಪ್ಯಾಕಿಂಗ್ ಶೆಡ್ಡಿನ ಹೆಂಗಸರೆಲ್ಲ ಹೊರಗೆ ಬಂದು ನಗುತ್ತ ನಿಂತಿದ್ದರು.

ನಿಜವಾದ ಕೂಡುವಿಕೆ ಹೆಚ್ಚಾಗಿ ಗೂಡಿನ ಮೇಲೋ ಹತ್ತಿರವೋ ಆಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಇಂಥದ್ದೇ ತಿಂಗಳು ಅಂತಿಲ್ಲ, ವರ್ಷವಿಡೀ ಮೊಟ್ಟೆ ಇಡುತ್ತವೆ. ಮೂರರಿಂದ ಏಳು ಮೊಟ್ಟೆ, ಸುಣ್ಣದಂಥ ಬಿಳಿ ಬಣ್ಣ. ಕೆಸರಿನ ಕೋಣೆಯಲ್ಲಿ ಆ ಬಿಳಿ ಬಹಳ ದಿನ ಉಳಿಯುವುದಿಲ್ಲ. ಇಬ್ಬರೂ ಕಾವು ಕೊಡುತ್ತಾರೆ, ಹೆಣ್ಣಿನ ಪಾಳಿ ಸ್ವಲ್ಪ ಜಾಸ್ತಿ. ಒಂದು ತಿಂಗಳ ಹೊತ್ತಿಗೆ ಮೊಟ್ಟೆ ಒಡೆಯುತ್ತವೆ. ಮೊದಲ ಮೊಟ್ಟೆಯಿಂದಲೇ ಕಾವು ಶುರುವಾಗುವುದರಿಂದ ಮರಿಗಳು ಒಂದೇ ದಿನ ಹುಟ್ಟುವುದಿಲ್ಲ. ದೊಡ್ಡಣ್ಣ ಹಸಿದು ಬಾಯಿ ಬಿಡುವಾಗ ಕೊನೆಯದು ಇನ್ನೂ ಚಿಪ್ಪಿನೊಳಗೆ ಇರಬಹುದು.

ಮರಿಗಳ ಮೈಗೆ ಬೂದು ತುಪ್ಪಳ. ಎರಡೂವರೆ ವಾರಕ್ಕೆ ಜುಟ್ಟಿನ ಗರಿ ಚಿಗುರುತ್ತದೆ. ಮೈಗರಿ ಪೂರ್ತಿ ಆಗುವ ಮೊದಲೇ ತಲೆ ಸುತ್ತಿಗೆ ಆಗಿಬಿಟ್ಟಿರುತ್ತದೆ! ಇಲ್ಲಿ ಆ ದಪ್ಪ ಗೋಡೆಯ ಒಂದು ಲಾಭ ಕಾಣುತ್ತದೆ. ಬಕ, ಕೊಕ್ಕರೆಗಳ ಗೂಡಿನಲ್ಲಿ ಮರಿ ಸಣ್ಣದಿರುವಾಗ ತಾಯಿಯೋ ತಂದೆಯೋ ಹತ್ತಿರ ಇರಲೇಬೇಕು. ಬಿಸಿಲು, ಮಳೆ, ಹದ್ದು, ಎಲ್ಲದರ ಕಾಟ. ಹ್ಯಾಮರ್‌ಕಾಪ್ ಮಾತ್ರ ಮರಿಗಳನ್ನು ಒಳಗೆ ಬಿಟ್ಟು ಎರಡೂ ಒಟ್ಟಿಗೆ ಮೇಯಲು ಹೋಗುತ್ತವೆ. ತುಂಬ ಹೊತ್ತು ಬರುವುದಿಲ್ಲ. ವಾಪಸ್ ಬರುವಾಗ ಬಾಗಿಲ ಬಳಿ ಕೂರಲು ಜಗಲಿ ಇಲ್ಲ. ಕೆಳಗಿನಿಂದ ನೇರ ಹಾರಿ ಬಂದು, ಕೊನೆಯ ಗಳಿಗೆಯಲ್ಲಿ ರೆಕ್ಕೆ ಮಡಚಿ, ಆ ಗೇಣಗಲದ ತೂತಿನೊಳಗೆ ನುಗ್ಗಿಬಿಡುತ್ತದೆ. ಕಣ್ಣು ಮಿಟುಕಿಸಿದರೆ ಕಾಣುವುದೇ ಇಲ್ಲ.

ಆರೇಳು ವಾರಕ್ಕೆ, ಅಂದರೆ 44ರಿಂದ 50 ದಿನಕ್ಕೆ, ಮರಿಗಳು ಹೊರಬರುತ್ತವೆ. ಹೊರಬಂದರೂ ರಾತ್ರಿ ಮಲಗಲು ಕೆಲವು ವಾರ ಅದೇ ಗೂಡಿಗೆ ಮರಳುತ್ತವೆ.

ಇಂಥ ಹಕ್ಕಿಯ ಬಗ್ಗೆ ಜನ ಕತೆ ಕಟ್ಟದೆ ಇರುತ್ತಾರಾ? ದಕ್ಷಿಣ ಆಫ್ರಿಕಾದ ಕೆಲವು ಜನಾಂಗಗಳಿಗೆ ಇದು ಸಿಡಿಲಿನ ಹಕ್ಕಿ. ಕಲಹಾರಿಯ ಸ್ಯಾನ್ ಜನ ಇದರ ಗೂಡು ಕೆಡವಲು ಹೋದವರಿಗೆ ಸಿಡಿಲು ಬಡಿಯುತ್ತದೆ ಅನ್ನುತ್ತಾರೆ. ಮಡಗಾಸ್ಕರ್‌ನಲ್ಲಿ ಗೂಡು ಕೆಡಿಸಿದವರಿಗೆ ಕುಷ್ಠ ಬರುತ್ತದೆ ಎಂಬ ನಂಬಿಕೆ. ಇನ್ನು ಕೆಲವು ಕಡೆ ಇದು ಹಕ್ಕಿಗಳ ರಾಜ, ಇಷ್ಟು ದೊಡ್ಡ ಗೂಡನ್ನು ಇದೊಂದೇ ಕಟ್ಟಲು ಸಾಧ್ಯವಿಲ್ಲ, ಬೇರೆ ಹಕ್ಕಿಗಳು ಸಾಮಾನು ತಂದುಕೊಡುತ್ತವೆ ಅನ್ನುತ್ತಾರೆ. ಮನೆಯೊಳಗೆ ಹಾವು ಸಿಗುವುದು, ಸೂರಿನ ಮೇಲೆ ಗೂಬೆ ಕೂರುವುದು, ಗೋಡೆಗೆ ಬೇರೆ ಹಕ್ಕಿಗಳ ಗೂಡು ಅಂಟಿರುವುದು, ಇವನ್ನೆಲ್ಲ ಕಂಡವರಿಗೆ ಈ ಕತೆಗಳು ಎಲ್ಲಿಂದ ಬಂದವು ಅಂತ ಊಹಿಸುವುದು ಕಷ್ಟವಲ್ಲ. ಭಯದಿಂದಲೋ ಗೌರವದಿಂದಲೋ, ಬಹಳ ಕಡೆ ಇದರ ತಂಟೆಗೆ ಯಾರೂ ಹೋಗುವುದಿಲ್ಲ. ಹಕ್ಕಿಗೆ ಇದಕ್ಕಿಂತ ಒಳ್ಳೆಯ ಕಾವಲು ಇನ್ನೇನು ಬೇಕು?

ನಮ್ಮಲ್ಲಿ ಈಗ ಒಂದು ಪಂಚಾಯಿತಿ ನಡೆದಿದೆ. ಮುತುಬಾ ಮರದ ಗೂಡಿನಿಂದ ಮರಿಗಳು ಹಾರಿದ ಮೇಲೆ ಅಲ್ಲಿಗೆ ಗ್ರೇ ಕೆಸ್ಟ್ರೆಲ್ ಜೋಡಿ ಬಂದು ಕೂತಿತು. ಹ್ಯಾಮರ್‌ಕಾಪ್‌ಗಳು ಜಗಳ ಆಡಲಿಲ್ಲ. ನೇರ ಬಂದು ಪಂಪ್‌ಹೌಸಿನ ಸೂರಿನ ಮೂಲೆಯಲ್ಲಿ, ವಿದ್ಯುತ್ ತಂತಿ ಒಳಗೆ ಹೋಗುವ ಜಾಗದ ಪಕ್ಕದಲ್ಲೇ, ಕಡ್ಡಿ ಹಾಕಲು ಶುರು ಮಾಡಿದವು. ಜಗಲಿ ಮುಗಿದಿದೆ, ಗೋಡೆ ಏಳುತ್ತಿದೆ. ಎಲೆಕ್ಟ್ರಿಷಿಯನ್ ಬಂದು ನೋಡಿ, ಮಳೆಗಾಲ ಬರುವ ಮೊದಲು ತೆಗೆಸಿ ಅಂದ. ನಮ್ಮ ಕಾವಲಿನ ಅಸ್ಕರಿಗೆ ಹೇಳಿದೆ. ವಯಸ್ಸಾದ ಮನುಷ್ಯ, ನನ್ನನ್ನು ಸ್ಸೆಬೊ, ಅಂದರೆ ಸಾರ್, ಅಂತಲೇ ಕರೆಯುತ್ತಾನೆ.

“ಸ್ಸೆಬೊ, ತಂತಿ ಬೇರೆ ಕಡೆಯಿಂದ ಎಳೆಸಿ. ಅದು ಸುಲಭ” ಅಂದ.

ತಂತಿ ಬದಲಿಸಲು ಎಷ್ಟಾಗುತ್ತದೆ ಅಂತ ಕೇಳಿ ಎಲೆಕ್ಟ್ರಿಷಿಯನ್‌ಗೆ ಮತ್ತೆ ಫೋನ್ ಮಾಡಿದ್ದೇನೆ. ಲೆಕ್ಕ ಇನ್ನೂ ಕೊಟ್ಟಿಲ್ಲ.